ಭಾನುವಾರದ ಮೂರೂವರೆ ತಾಸು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. ಟೈಪಿಂಗ್, ಟ್ಯಾಲಿ ಕಲಿಯಲು ಕಾಲೇಜು ಹುಡುಗಿಯರು ಬರುತ್ತಾರೆ. ಅವರ ಕುರ್ಚಿಯಲ್ಲಿ ಬಂದು ಕೂತ ಡಾಕ್ಟರು ಈವರೆಗೆ ಒಬ್ಬರೇ.

ಆಕೆ ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ತವರು ಉಚ್ಚಂಗಿದುರ್ಗದ ಹತ್ತಿರ. ತಾಯಿ ಕೂಲಿ ಮಾಡಿ ಓದಿಸಿದವರು. ಎಂಬಿಬಿಎಸ್ ಮುಗಿದು ಹತ್ತು ವರ್ಷವಾದ ಮೇಲೆ, ಇಬ್ಬರು ಮಕ್ಕಳ ತಾಯಿಯಾಗಿ, ಮುಂದಿನ ಓದಿನ ಪ್ರವೇಶ ಪರೀಕ್ಷೆಗೆ ಹೊರಟಿದ್ದರು.

"ಅಕ್ಕಾ, ಓದೋದು ಮನ್ಯಾಗ ಓದ್ತೀನಿ. ಆದ್ರ ಪರೀಕ್ಷೆ ಕಂಪ್ಯೂಟರಿನ ಮುಂದ, ಮೂರೂವರೆ ತಾಸು. ಅಷ್ಟೊತ್ತು ಒಂದ ಕಡಿ ಕುಂತು ರೂಢಿ ಇಲ್ಲ. ಭಾನುವಾರ ಒಂದು ಸಿಸ್ಟಮ್ ಬಿಟ್ಟುಕೊಡ್ತೀರೇನ್ರಿ?"

"ಬರ್ರಿ ಮೇಡಂ, ಅವತ್ತು ಹೆಂಗೂ ಖಾಲಿ ಇರ್ತಾವ" ಅಂದೆ.

ಮೊದಲ ಭಾನುವಾರ ಮಾದರಿ ಪರೀಕ್ಷೆ ತೆರೆದುಕೊಟ್ಟೆ. ಪ್ರಶ್ನೆಗಳು ಐದು ಭಾಗಗಳಲ್ಲಿ ಬರುತ್ತವೆ. ಒಂದು ಭಾಗದ ವೇಳೆ ಮುಗಿದರೆ ಅದು ಮುಚ್ಚಿಹೋಗುತ್ತದೆ, ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಆಕೆಯ ಕೈಯಲ್ಲಿ ಏಳೆಂಟು ಪ್ರಶ್ನೆ ಉಳಿದಿರುವಾಗಲೇ ಮೊದಲ ಭಾಗ ಮುಚ್ಚಿತು. ಮೌಸ್ ಬಿಟ್ಟು ನನ್ನ ಕಡೆ ನೋಡಿದರು.

"ಪೇಶಂಟ್‌ನ್ನ ಎರಡೆರಡು ಸಲ ನೋಡಿ ರೂಢಿ ನಮಗ. ಇದು ಒಂದ ಸಲ ನೋಡು ಅಂತೈತಿ" ಅಂದವರು ಮತ್ತೆ ಪರದೆಗೆ ತಿರುಗಿದರು.

ಅಂದಿನಿಂದ ಒಂದು ಭಾನುವಾರವನ್ನೂ ಬಿಡಲಿಲ್ಲ. ಸೊಂಟ ಹಿಡಿಯುತ್ತದೆಂದು ಕುರ್ಚಿಗೆ ಮನೆಯಿಂದ ಒಂದು ಕೌದಿ ತಂದು ಹಾಕಿಕೊಂಡರು. ನಡುವೆ ನೀರು ಕೊಡಲು ಹೋದರೆ ಕೈಸನ್ನೆಯಿಂದಲೇ ಬೇಡವೆನ್ನುತ್ತಿದ್ದರು.

ಒಂದು ದಿನ ಮೂರನೇ ಭಾಗದಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಹೊಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಹಾವು ಕಚ್ಚಿತ್ತು. ರಜೆಯ ದಿನ, ಡ್ಯೂಟಿಯೂ ಬೇರೆಯವರದು. ಆದರೂ ಕೌದಿಯನ್ನು ಹಾಗೇ ಬಿಟ್ಟು ಸ್ಕೂಟಿ ಹತ್ತಿ ಹೋದರು. ಇನ್ನು ಬರಲಾರರೆಂದು ನಾನು ಸಿಸ್ಟಮ್ ಆರಿಸಿದೆ. ಮಧ್ಯಾಹ್ನ ಮೂರಕ್ಕೆ ಮತ್ತೆ ಬಾಗಿಲಲ್ಲಿದ್ದರು. ಸೀರೆಯ ಅಂಚು ಧೂಳಾಗಿತ್ತು.

"ಉಳಿದಾಳ" ಎಂದರು. ಆಮೇಲೆ, "ಮೊದಲಿಂದ ಹಾಕ್ರಿ ಅಕ್ಕಾ."

"ಮೂರನೇದರಿಂದ ಮಾಡ್ರಿ ಮೇಡಂ, ದಣಿದೀರಿ."

"ನಡುವ ಎದ್ದು ಹೋದ್ರ ಅದು ಪರೀಕ್ಷೆ ಅಲ್ಲರಿ."

ಮೊದಲ ಪ್ರಶ್ನೆಯಿಂದ ಶುರು ಮಾಡಿ ಆರೂವರೆಗೆ ಎದ್ದರು. ಅಂದು ಒಂದು ಪ್ರಶ್ನೆಯೂ ಉಳಿಯಲಿಲ್ಲ. ನಾನು ಹದಿನೈದು ವರ್ಷ ಕಲಿಸಿದವಳು. ಒಬ್ಬರು ಕಲಿಯುವುದನ್ನು ಹಾಗೆ ಬೆರಗಿನಿಂದ ನೋಡುತ್ತ ಕೂತದ್ದು ಆ ಸಂಜೆಯೇ.

ಫಲಿತಾಂಶ ಬಂದಾಗ ಹಡಗಲಿ ಮಲ್ಲಿಗೆಯ ಮಾರು ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಒಳ್ಳೆಯ ರ‍್ಯಾಂಕು. ಚರ್ಮರೋಗ ವಿಭಾಗ ಸಿಗುವಂತಿತ್ತು.

"ಅದನ್ನ ತಗೋರಿ. ರಾತ್ರಿ ಡ್ಯೂಟಿ ಇರಂಗಿಲ್ಲ, ಆರಾಮ" ಅಂದೆ.

ಆಕೆ ಬೇಡವೆಂದು ತಲೆಯಾಡಿಸಿದರು. "ಅರಿವಳಿಕಿ ವಿಭಾಗ ತಗೊಂತೀನಿ. ಹೆರಿಗಿ ಕಷ್ಟ ಆತು ಅಂದ್ರ ಅರಿವಳಿಕಿ ಕೊಡೋರಿಲ್ಲ ಅಂತ ಹೊಸಪೇಟೆ ದೊಡ್ಡಾಸ್ಪತ್ರಿಗೆ ಚೀಟಿ ಬರೀತೀವಿ. ನಾನ ಎಷ್ಟು ಬರದೀನೋ. ಒಬ್ಬಾಕಿ ದಾರ‍್ಯಾಗ ಹೋದ್ಲು ಅಕ್ಕಾ."

ನಾನು ಮಲ್ಲಿಗೆ ಮುಡಿದುಕೊಂಡೆ. ಆಕೆ ನಕ್ಕರು.

ಈಗ ಬಳ್ಳಾರಿಯಲ್ಲಿ ಓದುತ್ತಿದ್ದಾರೆ. ತಿಂಗಳಿಗೊಮ್ಮೆ ಫೋನ್ ಮಾಡಿ, ತಾವು ಕೊಟ್ಟ ಅರಿವಳಿಕೆಯಲ್ಲಿ ಎಷ್ಟು ಮಂದಿ ನಿದ್ದೆ ಹೋಗಿ ಎದ್ದರೆಂದು ಹೇಳುತ್ತಾರೆ.