ಉಬ್ಬರ ಬಾರದ ಕೆರೆ

ನಮ್ಮೂರಿನ ಮನೆಗಳಿಗೆ ಆಗಷ್ಟೇ ಟಿವಿ ಬಂದಿತ್ತು. ಆದರೆ ಸಮುದ್ರವನ್ನು ಕಣ್ಣಾರೆ ಕಂಡ ಮಕ್ಕಳು ಒಬ್ಬರೂ ಇರಲಿಲ್ಲ. ಹಳೇಬೀಡಿನ ಆಚೆಗಿನ ನಮ್ಮ ಹಳ್ಳಿಗೆ ನೀರು ಅಂದರೆ ಕೆರೆ. ದನ ಕುಡಿಯುವುದೂ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ, ನಾವು ಈಜು ಕಲಿತದ್ದೂ ಅಲ್ಲೇ. ಆ ಬೇಸಿಗೆಯಲ್ಲಿ, ಗಂಡಸಿ ಪೇಟೆಯಿಂದ ಕರಾವಳಿಗೆ ತೆಂಗಿನಕಾಯಿ ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಯಾರಿಗೂ ಹೇಳದೆ ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆತಂದ.

ಅಜ್ಜಿ ಮುಖ ಗಂಟಿಕ್ಕಿಕೊಂಡಳು. ಸೊಸೆ ಎದುರಿಗೇ ಕೂತಿದ್ದರೂ ಹೇಳುವುದನ್ನೆಲ್ಲ ನನ್ನ ಮೂಲಕವೇ ಹೇಳಿಸುತ್ತಿದ್ದಳು. ನನಗಂತೂ ಚಿಕ್ಕಮ್ಮ ಅಂದರೆ ಜೀವ. ಅವಳ ತಲೆಯಲ್ಲಿ ತೆಂಗಿನೆಣ್ಣೆಯ ವಾಸನೆ, ಪೆಟ್ಟಿಗೆಯಲ್ಲಿ ಒಣಮೀನಿನ ವಾಸನೆ.

"ಸಮುದ್ರ ದಿನಾ ಮೇಲೆ ಬರ್ತದೆ, ವಾಪಸ್ ಹೋಗ್ತದೆ" ಎಂದಳು ಒಮ್ಮೆ.

"ಯಾರು ಕರೀತಾರೆ ಅದನ್ನ?" ಎಂದೆ.

"ಯಾರೂ ಇಲ್ಲ ಮಾರಾಯ್ತಿ, ಅದೇ ಬರ್ತದೆ. ಉಬ್ಬರ ಅಂತ ಹೇಳುದು. ದಂಡೆಯ ಕಸ ಎಲ್ಲ ತಗೊಂಡು ಹೋಗ್ತದೆ."

ಮರುದಿನವೇ ನಾನೂ ತಮ್ಮನೂ ಕೆರೆಯಂಚಿಗೆ ಒಂದು ಕೋಲು ನೆಟ್ಟು ಕಾದು ಕುಳಿತೆವು. ಎಮ್ಮೆ ಇಳಿದಾಗ ಮಾತ್ರ ನೀರು ಒಂದಿಷ್ಟು ಮೇಲೆ ಬಂತು.

ಅದೇ ವಾರ ಮನೆಗೆ ಹಸಿಮೀನು ಬಂತು. ಚಿಕ್ಕಮ್ಮ ಸಾರು ಮಾಡಿ, ಮೀನಿನ ತಲೆ, ಕರುಳು, ಅಡುಗೆಮನೆಯ ಕಸವನ್ನೆಲ್ಲ ತನ್ನೂರಿನ ಅಭ್ಯಾಸದಂತೆ ನೀರಿನಂಚಿನಲ್ಲಿ ಸುರಿದು ಬಂದಳು. ಬೆಳಗ್ಗೆ ನೋಡಿದರೆ ಎಲ್ಲವೂ ಅಲ್ಲೇ. ಸುತ್ತ ಕಾಗೆ, ನಾಯಿ. ಬಟ್ಟೆ ಒಗೆಯಲು ಬಂದ ಹೆಂಗಸರು ಮೂಗು ಮುಚ್ಚಿಕೊಂಡು, "ಎಂಥಾ ಸೊಸೇನ ತಂದ್ರವ್ವಾ! ದನ ಕುಡಿಯೋ ನೀರು ಕಣ್ರೀ ಇದು" ಎಂದು ಕೂಗಿದರು.

ಚಿಕ್ಕಮ್ಮ ಒಳಗೆ ಬಂದು ಅಳುತ್ತಲೇ ಪೆಟ್ಟಿಗೆಗೆ ಸೀರೆ ತುಂಬತೊಡಗಿದಳು. ಹೋಗಿಯೇಬಿಡುತ್ತಾಳೆ ಅನ್ನಿಸಿ ನನಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ಬಂದು ನಿಂತಳು.

"ಅದ್ಯಾಕೇ ಅಲ್ಲಿ ಸುರಿದೆ?" ಸೊಸೆಯನ್ನು ನೇರವಾಗಿ ಕೇಳಿದ್ದು ಅದೇ ಮೊದಲು.

"ನೀರು ಬಂದು ತಗೊಂಡು ಹೋಗ್ತದೆ ಅಂತ ಎಣಿಸಿದೆ ಅತ್ತೆ."

ಅಜ್ಜಿ ಬೈಯಲಿಲ್ಲ. "ನಿಮ್ಮೂರಾಗೆ ದಿಟವಾಗ್ಲೂ ನೀರೇ ಎದ್ದು ಬತ್ತೈತಾ?"

"ದಿನಾ ಬರ್ತದೆ."

"ನಮ್ ಕೆರೆ ಎಲ್ಗೂ ಹೋಗಾಕಿಲ್ಲ ಕಣೇ. ಹಾಕಿದ್ದೆಲ್ಲ ಹೊಟ್ಟೆಯಾಗೇ ಮಡಿಕಂತೈತೆ. ಏಳು, ಮಂಕ್ರಿ ತಕಾ."

ಅತ್ತೆ ಸೊಸೆ ಇಬ್ಬರೂ ಅಂಚು ಗುಡಿಸಿ, ಕಸವನ್ನು ಮಂಕರಿಯಲ್ಲಿ ಹೊತ್ತು ತಂದು ಹಿತ್ತಿಲ ತೆಂಗಿನ ಬುಡದಲ್ಲಿ ಹೂತರು. ಮಣ್ಣು ಮುಚ್ಚುವವರೆಗೂ ಅಜ್ಜಿಯದು ಸಮುದ್ರದ್ದೇ ವಿಚಾರಣೆ. ಅಷ್ಟು ಉಪ್ಪು ಹಾಕಿದೋರ್ಯಾರು? ಹಬ್ಬದ ದಿನಾನೂ ಬತ್ತೈತಾ? ಚಿಕ್ಕಮ್ಮ ಅಳು ಮರೆತು ನಗುತ್ತ ಉತ್ತರ ಹೇಳಿದಳು. ಪೆಟ್ಟಿಗೆ ಮತ್ತೆ ಅಟ್ಟ ಸೇರಿತು.

ಈಗ ಬೆಳಗ್ಗೆ ಹಾಡು ಹಾಕಿಕೊಂಡು ಕಸದ ಆಟೋ ಬರುತ್ತದೆ. ಕಳೆದ ಸಲ ನಾನು ಊರಿಗೆ ಹೋಗಿದ್ದಾಗ ಚಿಕ್ಕಮ್ಮ ಅದನ್ನು ನಿಲ್ಲಿಸಿ, "ಇದೆಲ್ಲ ಎಲ್ಲಿಗೆ ಹೋಗ್ತದೆ?" ಎಂದು ಕೇಳಿದಳು.

"ಎಲ್ಗೋ ಹೋಯ್ತದೆ ಬಿಡಕ್ಕ" ಎಂದ ಆಟೋದವನು.

"ನಾನೂ ಹೊಸದರಲ್ಲಿ ಹಾಗೇ ಎಣಿಸಿದ್ದೆ ಮಾರಾಯ" ಎಂದು ಚಿಕ್ಕಮ್ಮ ನಕ್ಕಳು.

ಸಂಜೆ ಕೆರೆಯ ಕಡೆ ನಡೆದೆ. ಬೆಳಗ್ಗೆ ಆಟೋ ಒಯ್ದ ಕಸವೆಲ್ಲ ಅಲ್ಲೇ ಬಿದ್ದಿತ್ತು. ನಾವು ಕೋಲು ನೆಟ್ಟ ಅಂಚು ಪ್ಲಾಸ್ಟಿಕ್ಕಿನಡಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಈಜು ಕಲಿತ ನೀರಿಗೆ ಕಾಲಿಡಲು ಮನಸ್ಸು ಬರಲಿಲ್ಲ. ಏಳು, ಮಂಕ್ರಿ ತಕಾ ಎನ್ನಲು ಅಜ್ಜಿ ಈಗಿಲ್ಲ.