ಊಟದ ಮನೆಯ ಟಿವಿ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆಮೇಲೆ ಚನ್ನಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಕಂಬ ಹತ್ತಿ ಕೇಬಲ್ ಎಳೆದೇ ಸಂಸಾರ ನಡೆಸಿದೆ. ಒಂದು ತಂತಿಯನ್ನು ನಾಲ್ಕು ಮನೆಗೆ ಹಂಚುವ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ನಾವು ಸ್ಪ್ಲಿಟರ್ ಅನ್ನುತ್ತಿದ್ದೆವು. ಅದಕ್ಕೆ ಕರೆಂಟು ಬೇಡ. ಹಂಚಿದಷ್ಟೂ ಚಿತ್ರ ಮಂಕಾಗುತ್ತಿತ್ತು, ಚುಕ್ಕಿ ಚುಕ್ಕಿ ಬರುತ್ತಿತ್ತು. ಆದರೂ ಮುಖ ಗುರುತು ಸಿಗುತ್ತಿತ್ತು. ಈ ಕೆಲಸದಲ್ಲಿ ನನಗೆ ಯಾರೂ ಹೇಳಿಕೊಡುವುದು ಬೇಕಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ.

ಈಗ ಕೇಬಲ್ ಕೇಳುವವರು ಕಡಿಮೆ. ಮದುವೆ ಛತ್ರಗಳಲ್ಲಿ ಟಿವಿ ಜೋಡಿಸಲು ಹೋಗುತ್ತೇನೆ. ಹೋದ ವರ್ಷ ರಾಮನಗರದ ಒಂದು ಛತ್ರದಲ್ಲಿ ವಿರೂಪಾಕ್ಷಿಪುರದ ಕಡೆಯವರ ಮದುವೆ. ಮಂಟಪ ಮಹಡಿಯಲ್ಲಿ, ಊಟದ ಮನೆ ಕೆಳಗೆ. ವಿಡಿಯೋದವನ ಕ್ಯಾಮೆರಾದ ಚಿತ್ರವನ್ನು ಮೇಲೊಂದು, ಕೆಳಗೊಂದು ಟಿವಿಗೆ ಕೊಡಬೇಕಿತ್ತು. ಅದಕ್ಕೆಂದೇ ಈಗಿನ ಟಿವಿಗಳಿಗೆ ಹಾಕುವ ಹೊಸ ಎಚ್‌ಡಿಎಂಐ ಸ್ಪ್ಲಿಟರ್ ತಂದಿದ್ದೆ.

ಹೆಣ್ಣಿನ ಅಜ್ಜಿಗೆ ಮಂಡಿನೋವು. ಮೊಮ್ಮಕ್ಕಳು ಕುರ್ಚಿ ಸಮೇತ ಮೇಲಕ್ಕೆ ಎತ್ತಿಕೊಂಡು ಹೋಗಲು ಬಂದರು. ನಾನೇ ತಡೆದೆ.

"ಯಾಕ್ರಪ್ಪ ಅಜ್ಜಿನ ನೋಯಿಸ್ತೀರಾ? ಇಲ್ಲೇ ಕೂತಿರ್ಲಿ. ಮೇಲಿರೋರ್ಗಿಂತ ಚೆಂದಾಗಿ ಕಾಣ್ತದೆ."

"ತಾಳಿ ಕಟ್ಟೋದು ಕಾಣ್ತದಾ ಮಗ?" ಅಂದರು ಅಜ್ಜಿ.

"ಗಂಟು ಎಣಿಸ್ಬೋದು ಕಣಜ್ಜಿ."

ಮಹಡಿಗೆ ಹೋಗಿ ಡಬ್ಬಿಯಿಂದ ಪಕ್ಕದ ಟಿವಿಗೆ ಗಿಡ್ಡ ತಂತಿ, ಕೆಳಗಿನದಕ್ಕೆ ಉದ್ದದ ತಂತಿ ಸಿಕ್ಕಿಸಿದೆ. ಪಕ್ಕದ ಟಿವಿಯಲ್ಲಿ ಚಿತ್ರ ಬಂತು. ಕೆಳಗಿನದರಲ್ಲಿ ಏನೂ ಇಲ್ಲ ಎಂದು ಯಾರೋ ಕೂಗಿದರು. ವಿಡಿಯೋದವನು ತಿರುಗಿ ನೋಡಿದ.

"ಅಣ್ಣೋ, ಡಬ್ಬಿಗೆ ಪವರ್ ಕೊಟ್ಟಿದೀಯಾ?"

"ಸ್ಪ್ಲಿಟರ್‌ಗೆ ಯಾವೂರಲ್ಲಿ ಕರೆಂಟ್ ಕೊಡ್ತಾರ್ಲಾ? ನೀನು ನಿನ್ ಕ್ಯಾಮೆರಾ ನೋಡ್ಕೋ."

ಕೆಳಗಿಳಿದು ಉದ್ದದ ತಂತಿ ಬದಲಾಯಿಸಿದೆ. ಟಿವಿಯ ಹಿಂದೆ ಕೈಹಾಕಿ ಬಿಚ್ಚಿ ಮತ್ತೆ ಹಾಕಿದೆ. ಚುಕ್ಕಿಯಾದರೂ ಬಂದಿದ್ದರೆ ಎಲ್ಲಿ ತಪ್ಪಿದೆ ಎಂದು ಹುಡುಕಬಹುದಿತ್ತು. ಈ ಹೊಸ ಸಿಗ್ನಲ್ಲು ಮಂಕಾಗುವುದೇ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು. ನಾನು ತಂತಿ ಹಿಡಿದುಕೊಂಡಿದ್ದಾಗಲೇ ಮೇಲೆ ಗಟ್ಟಿಮೇಳ ಶುರುವಾಯಿತು. ಅಜ್ಜಿ ಸೆರಗಿನ ಅಕ್ಷತೆಯನ್ನು ಕೈಗೆ ತೆಗೆದುಕೊಂಡು ಕಪ್ಪು ಟಿವಿಯನ್ನೇ ನೋಡುತ್ತ ಕೂತಿದ್ದರು.

ಮೇಲೆ ಹೋದೆ. ಡಬ್ಬಿಯ ಜೊತೆ ಬಂದಿದ್ದ ಅಡಾಪ್ಟರನ್ನು ಪುಕ್ಕಟೆ ಕೊಟ್ಟ ಮೊಬೈಲ್ ಚಾರ್ಜರ್ ಅಂದುಕೊಂಡು ಬ್ಯಾಗಿನಲ್ಲೇ ಬಿಟ್ಟಿದ್ದೆ. ವಿಡಿಯೋದವನೇ ಅದನ್ನು ತೆಗೆದು ಸಿಕ್ಕಿಸಿದ. ಕ್ಯಾಮೆರಾದಿಂದ ಬರುವ ಚೂರುಪಾರು ಕರೆಂಟು ಗಿಡ್ಡ ತಂತಿಗೆ ಸಾಕಾಗುತ್ತದಂತೆ, ಉದ್ದದ್ದಕ್ಕೆ ಸಾಲುವುದಿಲ್ಲವಂತೆ. ನಗಲಿಲ್ಲ ಅವನು. ನಕ್ಕಿದ್ದರೆ ಎದುರು ಮಾತಾಡಬಹುದಿತ್ತು.

ಕೆಳಗೆ ಬಂದಾಗ ಟಿವಿಯಲ್ಲಿ ಕನ್ನಡಿಯಂಥ ಚಿತ್ರ. ಉಡುಗೊರೆ ಕೊಡುವವರ ಸಾಲು ನಿಂತಿತ್ತು.

"ಕಟ್ಟಾಯ್ತಾ?" ಅಂದರು ಅಜ್ಜಿ.

"ಆಯ್ತಜ್ಜಿ."

"ಎಷ್ಟು ಗಂಟು ಮಗ?"

ಮೊಮ್ಮಕ್ಕಳನ್ನು ಕರೆದೆ. ಕುರ್ಚಿಯ ಒಂದು ಕಾಲನ್ನು ನಾನೇ ಹಿಡಿದೆ. ಕಂಬ ಹತ್ತಿ ಹತ್ತಿ ಸವೆದ ನನ್ನ ಮಂಡಿಯೂ ಒಂದೊಂದು ಮೆಟ್ಟಿಲಿಗೂ ನೋಯುತ್ತಿತ್ತು. ಅರ್ಧ ದಾರಿಯಲ್ಲಿ ನಾನು ಏದುಸಿರು ಬಿಡುವುದು ಕೇಳಿ ಅಜ್ಜಿ ಅಂದರು: "ನಿಧಾನ ಕಣಪ್ಪ, ಇನ್ನೇನ್ ಆತ್ರ."