ಎರಡು ಬಳೆಗಳ ನಡುವಿನ ನೀರು

ಮೊನ್ನೆ ಗಾಣಗಾಪುರದಲ್ಲಿ ದರ್ಶನ ಮುಗಿಸಿ ಬಳೆ ಅಂಗಡಿಯೊಂದರ ಮುಂದೆ ಕೂತಿದ್ದೆ. ಜೇವರ್ಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊತ್ತು ಕಳೆಯಲು ಹೆಂಗಸರಿಗೆ ಬಳೆ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ, ಎಂಬತ್ತು ದಾಟಿದವರಿಗೂ ಇಲ್ಲ. ಅಂಗಡಿಯ ಹುಡುಗಿ ನನ್ನ ಕೈ ಹಿಡಿದು, ಮೆಲ್ಲಗೆ ಹಿಚುಕಿ ನೋಡಿ, "ನಿಮಗ ಎರಡೂ ನಾಕು ಬರ್ತಾವ್ರಿ ಅಮ್ಮಾ" ಅಂದಳು. ಎರಡೂ ನಾಕು ನನ್ನ ಅಳತೆಯಲ್ಲ, ಅದು ನಮ್ಮಣ್ಣನ ಹೆಂಡತಿಯ, ನಮ್ಮ ವೈನಿಯ ಅಳತೆ. ನನ್ನದು ಅದಕ್ಕಿಂತ ಒಂದು ಅಳತೆ ದೊಡ್ಡದು, ಎರಡೂ ಆರು. ಇದನ್ನು ನಾನು ಮರೆಯುವ ಹಾಗೇ ಇಲ್ಲ, ಯಾಕೆಂದರೆ ಆ ಒಂದು ಅಳತೆಯ ಫರಕಿನಿಂದ ಒಂದು ಕಾಲದಲ್ಲಿ ನಾನು ವಿಮಾನವೊಂದನ್ನು ನಡುಸಮುದ್ರಕ್ಕೆ ಕಳಿಸುವವಳಿದ್ದೆ.

ನಗಬೇಡಿ, ಹೇಳುತ್ತೇನೆ.

ನನ್ನ ತವರು ಆಳಂದ. ಅಣ್ಣನ ಕೈಬರಹ, ಚಿತ್ರ ಎರಡೂ ಚಂದ. ದೊಡ್ಡ ಯುದ್ಧಕ್ಕೆ ಮೊದಲು ಅವನು ಮುಂಬೈಗೆ ಹೋಗಿ ಒಂದು ವಿಮಾನ ಕಂಪನಿಯಲ್ಲಿ ನಕ್ಷೆ ಬರೆಯುವ ನೌಕರಿ ಹಿಡಿದ. ಊರಿನಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಆದರೂ ಅದು ಹಕ್ಕಿಯ ಹಾಗೆ ಮನಸ್ಸು ಬಂದತ್ತ ಹಾರುತ್ತದೆ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ. ಅಣ್ಣ ಅದನ್ನು ತಿದ್ದಿದ.

"ಎರಡು ಇಂಜಿನ್ನಿನಾಗ ಒಂದು ನಿಂತ್ರೂ, ಉಳಿದದ್ದರ ಮ್ಯಾಲ ಎಲ್ಲಿಯರ ಇಳಿಯೋ ಜಾಗಾ ಮುಟ್ಟಬೇಕು. ಅದಕ್ಕಿಂತ ಆಚಿಗೆ ನೀರಿನ ಮ್ಯಾಲ ಹೋಗಂಗಿಲ್ಲ."

ಹಾಗಾಗಿ ನಕ್ಷೆಯ ಮೇಲೆ ಪ್ರತಿ ಇಳಿದಾಣದ ಸುತ್ತ, ಒಂದೇ ಇಂಜಿನ್ನಿನ ಮೇಲೆ ಹಾರಬಲ್ಲಷ್ಟು ದೂರಕ್ಕೆ, ಒಂದು ಸುತ್ತು ಎಳೆಯುವುದು. ಎರಡು ಸುತ್ತು ಸಮುದ್ರದ ಮೇಲೆ ಒಂದನ್ನೊಂದು ಮುಟ್ಟಿದರೆ ವಿಮಾನ ನೇರ ದಾಟಬಹುದು. ಮುಟ್ಟದಿದ್ದರೆ ದಂಡೆ ಹಿಡಿದು ಸುತ್ತಿ ಹೋಗಬೇಕು. ಅವ್ವ ಇದನ್ನು ಕೇಳಿ, "ಭೀಮಾ ತುಂಬಿದಾಗ ನಮ್ಮ ಅಂಬಿಗರೂ ಹಂಗ ಮಾಡ್ತಾರಲ್ಲೋ, ಇದಕ್ಕ ಮುಂಬೈಗಿ ಯಾಕ ಹೋಗಬೇಕಿತ್ತು?" ಅಂದಳು. ಅಣ್ಣನ ಮುಖ ಸಣ್ಣದಾಯಿತು.

ಆಫೀಸಿನಲ್ಲಿ ಸುತ್ತು ಎಳೆಯಲು ಕೈವಾರವಿತ್ತು. ಕೆಲಸ ಮನೆಗೆ ತಂದಾಗ ವೈನಿಯ ಹಸಿರು ಬಳೆ. ಆ ನಕ್ಷೆಗೆ ಅವಳ ಬಳೆಯ ಸುತ್ತು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದುತ್ತಿತ್ತಂತೆ. ದಂಪತಿಗಳಲ್ಲಿ ಹೊಂದಾಣಿಕೆ ಅಂದರೆ ಇದು ಎಂದು ನಾವು ಕಾಡುತ್ತಿದ್ದೆವು.

ನಾನು ಬಸುರಿಯಿದ್ದಾಗ ನನ್ನ ಕುಬಸಕ್ಕೆ ಇಬ್ಬರೂ ಊರಿಗೆ ಬಂದರು. ಅಣ್ಣನ ಟ್ರಂಕಿನಲ್ಲಿ ಒಂದು ನಕ್ಷೆಯೂ ಬಂತು. ಮುಂಬೈಯಿಂದ ಸಮುದ್ರದಾಚೆಯ ಕಾಠೇವಾಡಕ್ಕೆ ನೇರ ದಾರಿ ಸಿಗುತ್ತದೋ ಇಲ್ಲವೋ ಎಂಬುದೇ ಅದರ ಸಂಗತಿ. ಮೊದಲ ಸಲ ಎಳೆದಾಗ ಎರಡು ಸುತ್ತಿನ ನಡುವೆ ಜೋಳದ ಕಾಳಿನಷ್ಟು ನೀರು ಉಳಿದಿತ್ತು. ಸಾಹೇಬರು, "ಇನ್ನೊಮ್ಮೆ ಸರಿಯಾಗಿ ಬರೆದು ತಾ, ಕೂಡಿದರೆ ನಿನ್ನ ನೌಕರಿ ಪಕ್ಕಾ" ಅಂದಿದ್ದರು. ಅಣ್ಣನಿಗೆ ಅದು ಕೂಡಬೇಕಿತ್ತು.

ಕುಬಸದ ಮುನ್ನಾದಿನ ಬಳೆಗಾರ ಬಂದು ಮನೆಯ ಹೆಂಗಸರಿಗೆಲ್ಲ ಒಂದೇ ಹಸಿರಿನ ಬಳೆ ತೊಡಿಸಿ ಹೋಗಿದ್ದ. ಬಸುರಿಯ ಊದಿದ ಕೈ ಎಂದು ನನಗೆ ದೊಡ್ಡ ಅಳತೆ, ಎರಡೂ ಆರು. ಆಮೇಲೆ ಅದೇ ನನ್ನ ಅಳತೆಯಾಗಿ ನಿಂತಿತು. ಒಡೆದರೆ ಇರಲಿ ಎಂದು ಮೇಲೊಂದು ಕೊಟ್ಟಿದ್ದ, ಅದನ್ನು ಗೋಡೆಯ ಗೂಡಿನಲ್ಲಿಟ್ಟಿದ್ದೆ. ಮರುದಿನದ ಗದ್ದಲವೆಲ್ಲ ಮುಗಿದ ಮೇಲೆ ಅಣ್ಣ ಪಡಸಾಲೆಯಲ್ಲಿ ನಕ್ಷೆ ಹರವಿಕೊಂಡು ಕೂತ. ಕೈವಾರ ಮುಂಬೈಯಲ್ಲೇ ಉಳಿದಿತ್ತು. ವೈನಿ ಬಾವಿಗೆ ಹೋಗಿದ್ದಳು.

"ತಂಗೀ, ಒಂದ ಬಳಿ ಕೊಡವ್ವಾ."

ಹಸಿರು ಬಳೆ ತಾನೇ ಎಂದು ಗೂಡಿನೊಳಗಿದ್ದದ್ದನ್ನು ಎತ್ತಿ ಕೊಟ್ಟೆ. ವಿಮಾನದ ಕೆಲಸಕ್ಕೆ ನನ್ನ ಬಳೆಯೂ ಬಂತೆಂಬ ಹೆಮ್ಮೆ ಬೇರೆ.

ಸುತ್ತುಗಳು ಕೂಡಿದವು. ಅಣ್ಣ ಎದ್ದು ನಿಂತು ಅವ್ವನನ್ನು ಕರೆದ, ನನ್ನನ್ನು ಕರೆದ, ಸ್ಕೇಲಿಟ್ಟು ನೇರ ಗೆರೆಯನ್ನೂ ಎಳೆದುಬಿಟ್ಟ. ಮೊದಲ ಸಲ ಪೆನ್ಸಿಲ್ಲು ಮೊಂಡಾಗಿತ್ತು ಅಂದ. ವೈನಿ ಕೊಡ ಇಳಿಸಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ನಡುವ ಜೋಳದ ಕಾಳಿನಷ್ಟ ನೀರು ಇತ್ತಲ್ರಿ. ಎಲ್ಲಿ ಹೋತು?"

"ಅದು ಪೆನ್ಸಿಲ್ಲಿನ ತಪ್ಪು."

ವೈನಿ ಒಳಗೆ ಹೋಗಿ ಕೈಗೆ ಎಣ್ಣೆ ಹಚ್ಚಿ, ನೋವಿಗೆ ತುಟಿ ಕಚ್ಚಿಕೊಂಡು ಒಂದು ಬಳೆ ಕಳಚಿ, ಒರೆಸಿ ತಂದು ಅಣ್ಣನ ಸುತ್ತಿನ ಮೇಲಿಟ್ಟಳು. ಬಳೆ ಸುತ್ತಿನ ಒಳಗೇ ಕೂತಿತು. ಗೆರೆ ಹೊರಗೆ ಉಳಿಯಿತು.

"ಇದು ನನ್ನ ಬಳಿಲೆ ಎಳದದ್ದಲ್ರಿ" ಅಂದಳು. ನನ್ನತ್ತ ನೋಡಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಅಣ್ಣ ಆ ಬಳೆಯನ್ನು ಇನ್ನೊಂದು ಸುತ್ತಿನ ಮೇಲೂ ಇಟ್ಟು ನೋಡಿದ. ಆಮೇಲೆ ತನ್ನಷ್ಟಕ್ಕೇ, "ಒಂದ ಕಾಳಿನಷ್ಟ" ಅಂದ.

"ಆ ಕಾಳಿನಾಗ ಎಷ್ಟ ಹರದಾರಿ ಆಗ್ತದ್ರಿ?"

"ನಾಕ್ ಆಗಬಹುದು, ಹನ್ನೆರಡು ಮೈಲು."

"ಅಷ್ಟು ದೂರ ಆ ಮಂದಿ ಈಸ್ತಾರೇನ್ರಿ?"

ಅಣ್ಣ ರಬ್ಬರು ತೆಗೆದುಕೊಂಡು ನೇರ ಗೆರೆಯನ್ನು ಅಳಿಸಿದ. ವೈನಿಯ ಬಳೆಯಿಟ್ಟು ಸುತ್ತುಗಳನ್ನು ಮತ್ತೆ ಎಳೆದ. ನಡುವಿನ ನೀರು ಮತ್ತೆ ಕಂಡಿತು. ದಾರಿಯನ್ನು ದಂಡೆಯ ಉದ್ದಕ್ಕೂ ಸುತ್ತಿಸಿ ಬರೆದ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಆ ರಾತ್ರಿ ಅಷ್ಟು ಅಳು ಬರುತ್ತಿರಲಿಲ್ಲವೇನೋ.

ತಿಂಗಳಾದ ಮೇಲೆ ಕಾಗದ ಬಂತು. ವಿಮಾನ ದಂಡಿ ಹಿಡಕೊಂಡೇ ಹೊಂಟದ, ನನ್ನ ನೌಕರಿ ಇನ್ನೂ ಕಚ್ಚಾ ಅದ ಎಂದು ಬರೆದಿದ್ದ. ಪಕ್ಕಾ ಆಗಲು ಮತ್ತೆರಡು ವರ್ಷ ಹಿಡಿಯಿತು. ಆ ದಾರಿಯಲ್ಲಿ ಅನಾಹುತವಾದ ಸುದ್ದಿ ನಮಗೆ ಯಾವತ್ತೂ ಬರಲಿಲ್ಲ. ಆಗದೆ ಹೋದ ಅನಾಹುತಕ್ಕೆ ಯಾರು ಯಾರಿಗೆ ಹಾರ ಹಾಕುತ್ತಾರೆ ಹೇಳಿ? ದೊಡ್ಡವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಮುಖ ಕಾಣದ ಮಂದಿಗಾಗಿ ಕೈ ತರಚಿಕೊಂಡು ಬಳೆ ಕಳಚಿದ ಆ ಹೆಂಗಸಿನಷ್ಟು, ತನಗೆ ಬೇಕಾದ ಗೆರೆಯನ್ನು ತಾನೇ ಅಳಿಸಿದ ಆ ಗಂಡಸಿನಷ್ಟು, ಬೇರೆ ಯಾರನ್ನೂ ಮನಸಾರೆ ಮೆಚ್ಚಿಲ್ಲ.

ಈಗ ಇಬ್ಬರೂ ಇಲ್ಲ.

"ನನ್ನದು ಎರಡೂ ಆರು" ಎಂದು ಹುಡುಗಿಯ ಜೊತೆ ವಾದಿಸಿದೆ. ಅವಳು ನಗುತ್ತಾ ಒಂದನ್ನು ತೊಡಿಸಿದಳು. ಕೈ ಇಳಿಬಿಟ್ಟೆ, ಬಳೆ ಜಾರಿ ಮಡಿಲಿಗೆ ಬಿತ್ತು. ವಯಸ್ಸು ನನ್ನ ಕೈಯನ್ನು ಯಾವಾಗಲೋ ಒಂದು ಅಳತೆ ಇಳಿಸಿಬಿಟ್ಟಿದೆ. ಎರಡೂ ನಾಕು, ವೈನಿಯ ಅಳತೆಯದು, ತೊಡಿಸಿದಳು. ಸರಿಯಾಗಿ ಕೂತಿತು.

"ಒಡದ್ರ ಇರಲಿ, ಮ್ಯಾಲೊಂದು ಕೊಡಲೇನ್ರಿ?" ಅಂದಳು.

ಕೊಡು ಅಂದೆ. ಮನೆಗೆ ತಂದು ಗೂಡಿನಲ್ಲಿಟ್ಟಿದ್ದೇನೆ. ಈಗ ಅಣ್ಣ ಬಂದು ಒಂದ ಬಳಿ ಕೊಡವ್ವಾ ಅಂದರೆ, ಅಂಜದೆ ಕೊಡಬಹುದು.